ಕಪ್ಪಗಲ್ಲು ಗುಡ್ಡದ ಎತ್ತು: ನೋಡಿ ಕೆತ್ತಿದ್ದೋ, ನೆನೆಸಿಕೊಂಡು ಕೆತ್ತಿದ್ದೋ?

ಬಣ್ಣದಡಬ್ಬಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಕಳೆದ ತಿಂಗಳು ಎಂಟನೇ ತರಗತಿಯ ಇಪ್ಪತ್ತಾರು ಮಕ್ಕಳನ್ನು ಕರೆದುಕೊಂಡು ಕಪ್ಪಗಲ್ಲು ಗುಡ್ಡಕ್ಕೆ ಹೋಗಿದ್ದೆ. ಮೊದಲು ಬಳ್ಳಾರಿಯ ಸಂಗನಕಲ್ಲು ವಸ್ತುಸಂಗ್ರಹಾಲಯ ನೋಡಿಕೊಂಡು, ಅಲ್ಲಿಂದ ಗುಡ್ಡ ಹತ್ತುವಷ್ಟರಲ್ಲಿ ಗಂಟೆ ಹನ್ನೆರಡಾಗಿತ್ತು. ಬಿಸಿಲಿಗೆ ಕಲ್ಲು ಕಾದಿತ್ತು. ಹಳೇ ಕಾಲದ ಜನ ಬಂಡೆಗಳ ಮೇಲೆ ಮೂಡಿಸಿದ ಇನ್ನೂರು ಮುನ್ನೂರು ಚಿತ್ರ ಇವೆ ಅಂತ ಮಕ್ಕಳಿಗೆ ಆಸೆ ಹುಟ್ಟಿಸಿ ಕರೆದುಕೊಂಡು ಹೋಗಿದ್ದೆ, ಹುಡುಕಿ ಹುಡುಕಿ ಕಂಡದ್ದು ಹದಿನೈದು ಇಪ್ಪತ್ತು. ಡುಬ್ಬದ ಎತ್ತುಗಳು, ಕೈ ಕೈ ಹಿಡಿದ ಮನುಷ್ಯರು, ಪಾದದ ಗುರುತು. ಉಳಿದವು ನಮ್ಮ ಕಣ್ಣಿಗೆ ಸಿಗಲಿಲ್ಲ.

ಆದರೂ ಒಂದು ಎತ್ತಿನ ಮುಂದೆ ಮಕ್ಕಳು ಕೂತುಬಿಟ್ಟರು. ಉದ್ದ ಕೊಂಬು, ಎತ್ತರದ ಡುಬ್ಬ, ಸಣ್ಣ ಹೊಟ್ಟೆ. ಕ್ಲಾಸಿನಲ್ಲಿ ಬಾಯಿ ಬಿಡದ ಒಬ್ಬ ಹುಡುಗಿ ಇದ್ದಾಳೆ. ಅವರ ಮನೆಯಲ್ಲಿ ಎರಡು ಜೊತೆ ಎತ್ತು ಇವೆ. ಅವಳು ಕೇಳಿದಳು: "ಟೀಚರ್, ಇವರು ಎತ್ತನ್ನ ಮುಂದೆ ನಿಲ್ಲಿಸಿಕೊಂಡು ನೋಡಿ ಮಾಡಿದ್ರಾ, ಇಲ್ಲ ನೆನೆಸಿಕೊಂಡು ಮಾಡಿದ್ರಾ?"

ನಾನು ಹದಿನಾಲ್ಕು ವರ್ಷದಿಂದ ಮಕ್ಕಳಿಗೆ "ಕಣ್ಣಿಂದ ನೋಡಿ ಬಿಡಿಸಿ, ಮನಸ್ಸಿಂದ ಊಹೆ ಮಾಡಬೇಡಿ" ಅಂತ ಹೇಳಿಕೊಂಡು ಬಂದವಳು. ಅವಳಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಲ್ಲಿಂದ ಈ ಪ್ರಶ್ನೆ ನನ್ನನ್ನ ಬಿಟ್ಟಿಲ್ಲ. ನೋಡಿ ಮಾಡಿದ್ದಾದರೆ ಅವರಿಗೆ ಒಳ್ಳೆಯ ಕಣ್ಣು, ಒಳ್ಳೆಯ ಕೈ ಇತ್ತು ಅಂತ ಗೊತ್ತಾಗುತ್ತದೆ, ಅಷ್ಟೇ. ನೆನೆಸಿಕೊಂಡು ಮಾಡಿದ್ದಾದರೆ ಎದುರಿಗಿಲ್ಲದ ಎತ್ತು ಅವರ ಒಳಗೆಲ್ಲೋ ನಿಂತಿತ್ತು ಅಂತ ಆಗುತ್ತದೆ. ಹಾಗಾದರೆ ಅದು ನಮ್ಮಂಥದೇ ಮನಸ್ಸಲ್ಲವೇ?

ಆದಿಮಾನವರ ಚಿತ್ರ ನೋಡಿ ಅವರ ಮನಸ್ಸನ್ನು ತಿಳಿಯಬಹುದು ಅಂತ ಎಲ್ಲ ಕಡೆ ಬರೆಯುತ್ತಾರೆ. ನಿಜವಾಗಿ ಎಷ್ಟು ತಿಳಿಯಬಹುದು? ಮುಂದಿನ ತಿಂಗಳು ಆ ಮಕ್ಕಳನ್ನು ಮತ್ತೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಆ ಹುಡುಗಿಗೆ ಒಂದು ಸರಿಯಾದ ಮಾತು ಹೇಳಬೇಕು. ತಿಳಿದವರು ದಯವಿಟ್ಟು ಬರೆಯಿರಿ.


ಹಳೇಕಾಗದ:

ಮೇಡಂ, ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು ನಾನು. ಪ್ರಶ್ನೆ ಚೆನ್ನಾಗಿದೆ. ಆದರೆ ಎಚ್ಚರಿಕೆ ಹೇಳಬೇಕು ಅನ್ನಿಸಿತು.

ಈ ಚಿತ್ರಗಳಲ್ಲಿ ಪ್ರತಿ ತಲೆಮಾರಿನ ವಿದ್ವಾಂಸರೂ ತಮ್ಮ ಮನಸ್ಸನ್ನೇ ನೋಡಿಕೊಂಡಿದ್ದಾರೆ. 1879ರಲ್ಲಿ ಸ್ಪೇನಿನ ಆಲ್ತಮೀರಾ ಗುಹೆಯಲ್ಲಿ ಸಾವ್ತುವೋಲಾ ಎಂಬ ಜಮೀನುದಾರ ನೆಲ ಅಗೆಯುತ್ತಿದ್ದಾಗ, ಜೊತೆಗೆ ಬಂದಿದ್ದ ಎಂಟು ವರ್ಷದ ಮಗಳು ಮರಿಯಾ ತಲೆ ಎತ್ತಿ ಚಾವಣಿಯ ಕಾಡೆಮ್ಮೆಗಳನ್ನು ಕಂಡಳು. ಅಪ್ಪ ನೆಲ ನೋಡುತ್ತಿದ್ದ, ಮಗಳು ಮೇಲೆ ನೋಡಿದಳು. ಆ ಕಾಲದ ದೊಡ್ಡ ಪಂಡಿತರು ನಂಬಲಿಲ್ಲ. ಕಲ್ಲಿನ ಆಯುಧದ ಕಾಡು ಜನಕ್ಕೆ ಇಷ್ಟು ಚೆಂದ ಬಿಡಿಸಲು ಸಾಧ್ಯವೇ ಇಲ್ಲ, ಇದು ಯಾರೋ ಈಚೆಗೆ ಮಾಡಿದ ಮೋಸ ಅಂದರು. ಸಾವ್ತುವೋಲಾ 1888ರಲ್ಲಿ ಆ ಕಳಂಕ ಹೊತ್ತೇ ತೀರಿಕೊಂಡ. ವಿರೋಧಿಸಿದವರಲ್ಲಿ ಮುಂಚೂಣಿಯಲ್ಲಿದ್ದ ಕಾರ್ತೆಯ್ಯಾಕ್ 1902ರಲ್ಲಿ ತಪ್ಪೊಪ್ಪಿಕೊಂಡು ಬರೆದ. ಓದಿದಾಗಲೆಲ್ಲ ನನಗೆ ಆ ಅಪ್ಪನ ನೆನಪಾಗಿ ಸಂಕಟವಾಗುತ್ತದೆ.

ಆಮೇಲೆ ಏನಾಯಿತು? ಫ್ರಾನ್ಸಿನ ಪಾದ್ರಿ-ವಿದ್ವಾಂಸ ಅಬೆ ಬ್ರೂಯ್ ಮುಂತಾದವರು ಇದು ಬೇಟೆ ಸಿಗಲಿ ಅಂತ ಮಾಡಿದ ಮಾಟ ಅಂದರು. ಆದರೆ ಫ್ರಾನ್ಸಿನ ಲಾಸ್ಕೋ ಗುಹೆಯಲ್ಲಿ ಸಿಕ್ಕ ಎಲುಬುಗಳಲ್ಲಿ ಹೆಚ್ಚಿನವು ಹಿಮಸಾರಂಗದ್ದು, ಗೋಡೆಯ ಮೇಲಾದರೋ ಕುದುರೆ, ಕಾಡು ಗೂಳಿ, ಕಡವೆ. ನೂರಾರು ಪ್ರಾಣಿಗಳ ನಡುವೆ ಹಿಮಸಾರಂಗ ಒಂದೇ ಒಂದು. ತಿಂದದ್ದು ಒಂದು, ಬಿಡಿಸಿದ್ದು ಇನ್ನೊಂದು. ನಂತರ ಲರ್ವಾ-ಗೂರ್ಹಾ ಎಂಬ ಫ್ರೆಂಚ್ ವಿದ್ವಾಂಸರು ಚಿತ್ರಗಳನ್ನು ಎಣಿಸಿ, ಇವು ಗಂಡು-ಹೆಣ್ಣಿನ ಸಂಕೇತಗಳ ಜೋಡಣೆ ಅಂದರು. 1988ರಲ್ಲಿ ಲೂಯಿಸ್-ವಿಲಿಯಮ್ಸ್ ಮತ್ತು ಡೌಸನ್, ದಕ್ಷಿಣ ಆಫ್ರಿಕಾದ ಸಾನ್ ಜನರ ಮೈದುಂಬುವ ಕುಣಿತವನ್ನು ಆಧಾರವಾಗಿಟ್ಟುಕೊಂಡು, ಅಂಥ ಸ್ಥಿತಿಯಲ್ಲಿ ಕಣ್ಣ ಮುಂದೆ ಬರುವ ಗೆರೆ, ಚುಕ್ಕಿಗಳೇ ಗುಹೆಗಳಲ್ಲೂ ಇವೆ ಅಂದರು. ಸಾನ್ ಜನರ ವಿಷಯದಲ್ಲಿ ಅವರ ಮಾತಿಗೆ ಬಲ ಇದೆ, ಯಾಕೆಂದರೆ 19ನೇ ಶತಮಾನದಲ್ಲಿ ಬರೆದಿಟ್ಟ ಸಾನ್ ಜನರದೇ ಹೇಳಿಕೆಗಳು ಉಳಿದಿವೆ. ಫ್ರಾನ್ಸಿನ ಗುಹೆಗಳ ಜನ ಹೇಳಿದ್ದು ಒಂದು ಪದವೂ ಉಳಿದಿಲ್ಲ.

ಕಪ್ಪಗಲ್ಲಿನ ಕಥೆಯೂ ಅಷ್ಟೇ. 1892ರಲ್ಲಿ ಫಾಸೆಟ್ ಎಂಬ ಬ್ರಿಟಿಷ್ ಅಧಿಕಾರಿ ಬರೆದ ಕಾಲದಿಂದ ಇವತ್ತಿನವರೆಗೆ ಆ ಎತ್ತುಗಳಿಗೆ ಅರ್ಥ ಹೇಳಿದವರು ಬಹಳ. ದನಗಾಹಿ ಹುಡುಗರು ಹೊತ್ತು ಕಳೆಯಲು ಕೆತ್ತಿರಲೂಬಹುದು. ಆ ಮಗುವಿಗೆ "ಗೊತ್ತಿಲ್ಲ ಕಣಮ್ಮಾ" ಅನ್ನುವುದೇ ಪ್ರಾಮಾಣಿಕ ಉತ್ತರ ಅಂತ ನನ್ನ ಅಭಿಪ್ರಾಯ.


ಕರಿಕಲ್ಲು:

ಮೇಡಂ, ಮೇಷ್ಟ್ರು ಹೇಳಿದ್ದು ಓದಿದೆ. ಅರ್ಥ ಗೊತ್ತಾಗಲ್ಲ ಅನ್ನೋದು ಒಪ್ಪಿದೆ. ಆದರೆ ನಿಮ್ಮ ಹುಡುಗಿ ಅರ್ಥ ಕೇಳಿಲ್ಲ. ಹೆಂಗೆ ಮಾಡಿದ್ರು ಅಂತ ಕೇಳಿದಾಳೆ. ಅದಕ್ಕೆ ಕಲ್ಲಿನ ಕಡೆಯಿಂದ ಉತ್ತರ ಐತೆ.

ನಮ್ಮದು ಕಲ್ಲು ಕೆಲಸದ ಮನೆತನ. ನಮ್ಮಪ್ಪ ಊರೂರು ತಿರುಗಿ ಒಳ್ಳು, ಬೀಸೋ ಕಲ್ಲಿಗೆ ಕಕ್ಕು ಹೊಡೀತಿದ್ದ. ಮಿಕ್ಸಿ ಬಂದ ಮೇಲೆ ಆ ಕೆಲಸ ನಿಂತು, ನಾನು ಹದಿನೆಂಟಕ್ಕೇ ಕ್ವಾರಿಗೆ ಸೇರಿದೆ. ಈಗ ಕ್ವಾರಿ ಬಿಟ್ಟು ಗುಡಿ ಕಟ್ಟೆ, ನಾಗರ ಕಲ್ಲು, ಸಮಾಧಿ ಕಲ್ಲು ಮಾಡ್ತೀನಿ. ಕಪ್ಪಗಲ್ಲು ಗುಡ್ಡ ಚಿಕ್ಕಂದಿನಿಂದ ಗೊತ್ತು.

ಆ ಗುಡ್ಡ ಗ್ರಾನೈಟ್ ಗುಡ್ಡ. ಅದರ ಮೈಮೇಲೆ ಕಪ್ಪು ಪಟ್ಟೆ ಎಳೆದಂಗೆ ಡಾಲರೈಟ್ ಕಲ್ಲು ಹಾದು ಹೋಗೈತೆ. ನಾವು ಕರಿಕಲ್ಲು ಅಂತೀವಿ. ಚಿತ್ರ ಇರೋದು ಬಹುತೇಕ ಆ ಕರಿಕಲ್ಲಿನ ಮೇಲೆ. ಅವು ಕೆತ್ತಿದ್ದಲ್ಲ ಮೇಡಂ, ಜಜ್ಜಿದ್ದು. ಉಳಿ ಇಟ್ಟು ತೋಡಿಲ್ಲ. ಕೈಯಲ್ಲಿ ಗುಂಡುಕಲ್ಲು ಹಿಡಿದು ಕುಟ್ಟಿ ಕುಟ್ಟಿ ಕಲ್ಲಿನ ಹೊರಗಿನ ಕಪ್ಪು ಸಿಪ್ಪೆ ಎಬ್ಬಿಸಿದಾರೆ. ಹೊಸ ಪೆಟ್ಟು ಬೂದಿ ಬಣ್ಣಕ್ಕೆ ಎದ್ದು ಕಾಣುತ್ತೆ. ವರ್ಷ ಕಳೆದಂಗೆ ಗಾಳಿ ಮಳೆಗೆ ಅದೂ ಕಪ್ಪಾಗುತ್ತೆ. ನೀವು ಹನ್ನೆರಡು ಗಂಟೆಗೆ ಹೋಗಿದ್ದಕ್ಕೆ ಕಾಣಲಿಲ್ಲ. ಸೂರ್ಯ ನೆತ್ತಿ ಮೇಲಿದ್ದರೆ ಪೆಟ್ಟಿನ ಗುಳಿಗೆ ನೆರಳೇ ಬೀಳಲ್ಲ. ಬೆಳಿಗ್ಗೆ ಏಳು ಗಂಟೆಗೆ ಓರೆ ಬಿಸಿಲು ಬಿದ್ದಾಗ ಹೋಗಿ, ಬರೀ ಬಂಡೆ ಅಂದುಕೊಂಡಿದ್ದರ ಮೇಲೆ ದನದ ಹಿಂಡು ಎದ್ದು ಬರುತ್ತೆ.

ಎರಡು ವರ್ಷದ ಹಿಂದೆ ನನಗೂ ನಿಮ್ಮ ಹುಡುಗಿ ಪ್ರಶ್ನೆನೇ ತಲೆಗೆ ಹತ್ತಿತ್ತು. ಮನೆ ಹಿಂದೆ ಒಂದು ಕರಿಕಲ್ಲಿನ ತುಂಡು ಬಿದ್ದಿತ್ತು, ಹೊರಮೈ ಹಂಗೇ ಇತ್ತು. ಚಾಣ ಸುತ್ತಿಗೆ ಮುಟ್ಟದೆ ಬರೀ ಕಲ್ಲಿನಿಂದ ಗೇಣುದ್ದದ ಎತ್ತು ಮಾಡಿ ನೋಡೋಣ ಅಂತ ಕೂತೆ. ಮೊದಲು ಹಿಡಿದ ಬೆಣಚುಕಲ್ಲು ಹತ್ತು ಪೆಟ್ಟಿಗೆ ಚೂರಾಯ್ತು. ಗ್ರಾನೈಟ್ ಗುಂಡು ಪುಡಿ ಉದುರಿಸ್ತು. ಕೊನೆಗೆ ಕರಿಕಲ್ಲಿನದೇ ಮೂತಿ ಇರೋ ಗುಂಡು ಹುಡುಕಿಕೊಂಡೆ, ಆವಾಗ ಕೆಲಸ ಹಿಡೀತು. ಅಂದರೆ ಕುಟ್ಟೋ ಕಲ್ಲು ಯಾವುದು, ಕುಟ್ಟಿಸಿಕೊಳ್ಳೋ ಕಲ್ಲು ಯಾವುದು, ಇದು ಕೂರೋಕೆ ಮುಂಚೆನೇ ಗೊತ್ತಿರಬೇಕು. ಬೆಳಿಗ್ಗೆ ಚಾ ಕುಡಿದು ಕೂತವನಿಗೆ ಮಧ್ಯಾಹ್ನ ಊಟದ ಹೊತ್ತಿಗೆ ಬೆನ್ನಿನ ಗೆರೆ, ಡುಬ್ಬ, ಒಂದು ಕೊಂಬು ಆಗಿತ್ತು. ಕಾಲು ಹಾಕೋಕೆ ಜಾಗ ಸಾಲಲಿಲ್ಲ. ನನ್ನ ಎತ್ತಿಗೆ ಮೊಳಕಾಲು ತನಕ ಕಾಲು, ಆಮೇಲೆ ಕಲ್ಲಿನ ಅಂಚು.

ಅವತ್ತು ತಿಳೀತು ನೋಡಿ. ಈ ಕೆಲಸದಲ್ಲಿ ಅಳಿಸೋಕೆ ಬರಲ್ಲ. ಪೆನ್ಸಿಲ್ ಗೆರೆ ಇಲ್ಲ, ರಬ್ಬರ್ ಇಲ್ಲ. ಮೊದಲ ಪೆಟ್ಟು ಬಿದ್ದ ಜಾಗದಿಂದ ಇಡೀ ಎತ್ತು ಎಷ್ಟು ದೊಡ್ಡದು, ಕೊಂಬು ಎಲ್ಲಿಗೆ ಬರುತ್ತೆ, ಗೊರಸು ಎಲ್ಲಿ ನಿಲ್ಲುತ್ತೆ, ಎಲ್ಲ ತೀರ್ಮಾನ ಆಗಿರಬೇಕು. ಗುಡ್ಡದ ಮೇಲಿನವರ ಎತ್ತುಗಳು ಕಲ್ಲಿನ ಮೈಗೆ ಅಳತೆ ಮಾಡಿದಂಗೆ ಕೂತಾವೆ. ಇನ್ನು ಆ ದೊಡ್ಡ ದೊಡ್ಡ ಗುಂಡುಗಳ ಸಂದಿಯಲ್ಲಿ ಎತ್ತನ್ನ ಹತ್ತಿಸಿ ನಿಲ್ಲಿಸೋಕೆ ಆಗಲ್ಲ. ಕೆಲವು ಚಿತ್ರ ಎಂಥಾ ಜಾಗದಲ್ಲಿ ಅದಾವೆ ಅಂದರೆ, ಮೇಲಿನ ಬಂಡೆಯಿಂದ ಜೋತು ಬೀಳದೆ ಅಲ್ಲಿಗೆ ಕೈ ಹೋಗಲ್ಲ. ಅಲ್ಲಿ ನೇತಾಡಿಕೊಂಡು ಕುಟ್ಟುವಾಗ ಎತ್ತು ಎಲ್ಲಿತ್ತು? ಆ ಮನುಷ್ಯನ ಒಳಗಿತ್ತು. ನಿಮ್ಮ ಹುಡುಗಿಗೆ ಹೇಳಿ, ನೆನೆಸಿಕೊಂಡೇ ಮಾಡಿದಾರೆ ಮಗಳೇ ಅಂತ. ದಿನಾ ಮೈ ತಿಕ್ಕಿ ಮೇವು ಹಾಕಿದವರಿಗೆ ಎತ್ತಿನ ಬೆನ್ನು ಕೈಗೇ ಗೊತ್ತಿರುತ್ತೆ. ಅವಳಿಗೂ ಗೊತ್ತಿರುತ್ತೆ, ಕಣ್ಣು ಮುಚ್ಚಿ ಅವರ ಮನೆ ಎತ್ತು ಬಿಡಿಸು ಅಂತ ಕೊಟ್ಟು ನೋಡಿ.

ಇನ್ನೊಂದು ಐತೆ, ಅದು ನನಗೆ ಚಿತ್ರಕ್ಕಿಂತ ದೊಡ್ಡದು. ಆ ಗುಡ್ಡದ ಕಲ್ಲು ಮಾತಾಡ್ತಾವೆ. ಕೆಲವು ಕರಿಗುಂಡುಗಳನ್ನ ಗ್ರಾನೈಟ್ ಕಲ್ಲಿನಿಂದ ತಟ್ಟಿದರೆ ಗಂಟೆ ಹೊಡೆದಂಗೆ ನಾದ ಬರ್ತೈತೆ. ಊರವರಿಗೆ ಇದು ಮೊದಲಿಂದ ಗೊತ್ತು. ನಮ್ಮಪ್ಪ ನನಗೆ ಆರೇಳು ವರ್ಷ ಇದ್ದಾಗ ತೋರಿಸಿದ್ದ. 2004ರಲ್ಲಿ ನಿಕೋಲ್ ಬೊಯ್ವಿನ್ ಅನ್ನೋ ಪುರಾತತ್ವದವರು ಇದರ ಬಗ್ಗೆ ಬರೆದ ಮೇಲೆ ಹೊರಗಿನವರಿಗೂ ಗೊತ್ತಾಯ್ತು. ತಟ್ಟಿ ತಟ್ಟಿ ಆ ಗುಂಡುಗಳ ಮೇಲೆ ಗುಳಿ ಬಿದ್ದಾವೆ. ಎಷ್ಟು ಕೈ ತಟ್ಟಿದ್ದವೋ.

ಕಲ್ಲು ಕೆಲಸದಲ್ಲಿ ಕಿವಿ ಮುಖ್ಯ ಮೇಡಂ. ಶಿಲ್ಪಿಗಳು ಕಲ್ಲು ತಟ್ಟಿ ನಾದ ಕೇಳಿಯೇ ಪುರುಷ ಶಿಲೆ, ಸ್ತ್ರೀ ಶಿಲೆ ಅಂತ ಬೇರೆ ಮಾಡೋದು. ನಾದವೇ ಇಲ್ಲದ್ದು ನಪುಂಸಕ ಶಿಲೆ, ಅದರಲ್ಲಿ ವಿಗ್ರಹ ಮಾಡಲ್ಲ. ಖಣ್ ಅಂದರೆ ಒಳಗೆ ಗಟ್ಟಿ ಐತೆ, ದಪ್ ಅಂದರೆ ಒಳಗೆ ಸೀಳು ಐತೆ. ಈಗ ಯೋಚನೆ ಮಾಡಿ. ಅದೇ ಗುಡ್ಡದ ಮೇಲೆ ನಾಲ್ಕು ಸಾವಿರ ವರ್ಷದ ಹಿಂದೆ ಕಲ್ಲು ಕೊಡಲಿ ಮಾಡೋ ದೊಡ್ಡ ಕಾರ್ಖಾನೆನೇ ಇತ್ತು. ಬ್ರೂಸ್ ಫೂಟ್ ಅನ್ನೋ ಭೂವಿಜ್ಞಾನಿ 19ನೇ ಶತಮಾನದಲ್ಲೇ ಗುರುತು ಹಿಡಿದಿದ್ದ. ಈಗಲೂ ಚಕ್ಕೆ ರಾಶಿ ರಾಶಿ ಬಿದ್ದಾವೆ. ಕೊಡಲಿಗೆ ಬೇಕಾದ್ದು ಇದೇ ಕರಿಕಲ್ಲು. ಒಳಗೆ ಸೀಳಿರೋ ಕಲ್ಲನ್ನ ಅರ್ಧ ದಿನ ಒಡೆದು ಕೊನೆಗೆ ಎರಡು ತುಂಡಾದರೆ ಅವತ್ತಿನ ದುಡಿಮೆ ಹೋಯ್ತು. ಆದ್ದರಿಂದ ಅವರೂ ತಟ್ಟಿ ಕೇಳಿರಲೇಬೇಕು. ಇದು ನನ್ನ ಊಹೆ, ಆದರೆ ಈ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನ ಊಹೆ. ಹೊಟ್ಟೆಪಾಡಿಗೆ ಕಲ್ಲಿನ ದನಿ ಕೇಳೋಕೆ ಕಲಿತ ಕಿವಿ, ಒಂದು ದಿನ ಸುಮ್ಮನೆ ಆ ದನಿಗೋಸ್ಕರವೇ ತಟ್ಟಿರುತ್ತೆ. ಕೊಡಲಿ ಆಗೋದು ಅದೇ ಕಲ್ಲು, ಹಾಡೋದು ಅದೇ ಕಲ್ಲು, ಎತ್ತು ನಿಂತಿರೋದೂ ಅದೇ ಕಲ್ಲಿನ ಮೇಲೆ. ಎತ್ತು ಜಜ್ಜುವಾಗ ಪ್ರತಿ ಪೆಟ್ಟೂ ಗುಡ್ಡದ ಕೆಳಗೆ ಕೇಳಿರುತ್ತೆ. ಕೆಳಗೆ ದನ ಕಟ್ಟಿಕೊಂಡಿದ್ದ ಹೆಂಗಸರು, ಮುದುಕರು, ಓ ಮೇಲೆ ಯಾರೋ ಕೂತಿದಾರೆ ಅಂತ ತಲೆ ಎತ್ತಿರುತ್ತಾರೆ. ನಾವು ನೋಡ್ತಿರೋದು ಸದ್ದು ನಿಂತ ಮೇಲೆ ಉಳಿದ ಗುರುತು ಮಾತ್ರ.

ಮೇಷ್ಟ್ರು ದನಗಾಹಿ ಹುಡುಗರು ಹೊತ್ತು ಕಳೆಯೋಕೆ ಮಾಡಿರಬಹುದು ಅಂದರು. ಆಗಲಿ ಸಾರ್, ಆ ಹುಡುಗರೇ ಅಂದುಕೊಳ್ಳೋಣ. ಬೇಜಾರಾದ ಹುಡುಗ ಮರದ ನೆರಳಲ್ಲಿ ಮಲಗ್ತಾನೆ. ಕಾದ ಬಂಡೆಯಿಂದ ಜೋತು ಬಿದ್ದು ಅರ್ಧ ದಿನ ಕುಟ್ಟಲ್ಲ.

ಒಂದು ಮಾತು ಹೇಳಿಕೊಳ್ಳಬೇಕು. ಇಪ್ಪತ್ಮೂರು ಇಪ್ಪತ್ನಾಲ್ಕು ವಯಸ್ಸಿರಬೇಕು, ಬೇರೆ ಕಡೆ ಒಂದು ಕ್ವಾರಿಯಲ್ಲಿ ಡ್ರಿಲ್ಲಿಂಗ್ ಮಾಡ್ತಿದ್ದೆ. ಒಂದು ಕರಿಗುಂಡಿಗೆ ನಾನೇ ತೂತು ಹೊಡೆದು ಮದ್ದು ತುಂಬಿದೆ. ಹೊಗೆ ಇಳಿದ ಮೇಲೆ ತುಂಡು ತಿರುಗಿಸಿದರೆ ಒಂದರ ಮೇಲೆ ಎತ್ತಿನ ಹಿಂಭಾಗ, ಬಾಲ, ಎರಡು ಕಾಲು. ಮುಂಭಾಗ ಎಲ್ಲಿ ಹೋಯ್ತೋ ಹುಡುಕಿದೆ, ಸಿಗಲಿಲ್ಲ. ಸಂಜೆ ಆ ತುಂಡೂ ಕ್ರಷರ್‌ಗೆ ಹೋಯ್ತು. ತೂತು ಹೊಡೆಯುವಾಗ ಮಧ್ಯಾಹ್ನ, ಸೂರ್ಯ ನೆತ್ತಿ ಮೇಲಿದ್ದ. ನನಗೆ ಕಂಡಿರಲಿಲ್ಲ. ಇವತ್ತಿಗೂ ಯಾವ ಬಂಡೆಗೆ ಚಾಣ ಇಡಬೇಕಾದರೂ ಮೊದಲು ಬೆಳಿಗ್ಗೆ ಬಿಸಿಲಲ್ಲಿ ಒಂದು ಸುತ್ತು ನೋಡ್ತೀನಿ.


ಮಾತುಗೂಡು:

ಕರಿಕಲ್ಲು ಅಣ್ಣಾ, ನಿಮ್ಮ ಬರಹ ಎರಡು ಸಲ ಓದಿದೆ. ಕಣ್ಣು ತುಂಬಿ ಬಂತು.

ನಾನು ಮೈಸೂರಿನಲ್ಲಿ ಮಾತು ತಡವಾದ ಮಕ್ಕಳ ಜೊತೆ ಕೆಲಸ ಮಾಡುವವಳು. "ನೋಡಿಯೋ, ನೆನೆದೋ" ಅನ್ನುವುದು ನಮ್ಮ ಕೋಣೆಯಲ್ಲಿ ದಿನವೂ ಬರುವ ಪ್ರಶ್ನೆ. ಅದಕ್ಕೆ ಒಂದು ಮಗುವಿನ ಕಥೆ ಹೇಳಬೇಕು.

1967ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ನಾಡಿಯಾ ಎಂಬ ಹುಡುಗಿಗೆ ಆಟಿಸಂ ಇತ್ತು, ಮಾತು ಬರುತ್ತಿರಲಿಲ್ಲ. ಮೂರೂವರೆ ವರ್ಷಕ್ಕೇ ಬಾಲ್‌ಪೆನ್ ಹಿಡಿದು ಓಡುವ ಕುದುರೆ ಬಿಡಿಸುತ್ತಿದ್ದಳು. ನಮ್ಮ ಕಡೆಗೆ ತಿರುಗಿ ನುಗ್ಗುವ ಕುದುರೆ, ದೊಡ್ಡ ಚಿತ್ರಕಾರರಿಗೂ ಕಷ್ಟವಾಗುವ ಕೋನ. ಎದುರಿಗೆ ಕುದುರೆ ಇರುತ್ತಿರಲಿಲ್ಲ, ಚಿತ್ರದ ಪುಸ್ತಕದಲ್ಲಿ ಯಾವಾಗಲೋ ಕಂಡದ್ದನ್ನು ನೆನಪಿನಿಂದ ಇಳಿಸುತ್ತಿದ್ದಳು. ಲೊರ್ನಾ ಸೆಲ್ಫ್ ಎಂಬ ಮನಶ್ಶಾಸ್ತ್ರಜ್ಞೆ 1977ರಲ್ಲಿ ಅವಳ ಬಗ್ಗೆ ಪುಸ್ತಕ ಬರೆದರು. ಮುಂದೆ ಮಾತು ಸ್ವಲ್ಪ ಸ್ವಲ್ಪ ಬಂದಂತೆ ಆ ಬಿಡಿಸುವ ಶಕ್ತಿ ಕುಂದಿತು.

1998ರಲ್ಲಿ ನಿಕೊಲಸ್ ಹಂಫ್ರಿ ಎಂಬ ಮನಶ್ಶಾಸ್ತ್ರಜ್ಞರು ಈ ಕುದುರೆಗಳನ್ನು ಫ್ರಾನ್ಸಿನ ಶೋವೆ ಗುಹೆಯ ಕುದುರೆಗಳ ಪಕ್ಕಕ್ಕಿಟ್ಟರು. ಶೋವೆ ಚಿತ್ರಗಳು ಸುಮಾರು 36,000 ವರ್ಷ ಹಳೆಯವು. ಎರಡೂ ಅಚ್ಚರಿ ಹುಟ್ಟಿಸುವಷ್ಟು ಹೋಲುತ್ತವೆ. ಹಂಫ್ರಿ ಹೇಳಿದ್ದು ಇಷ್ಟು: ಚಿತ್ರ ಅದ್ಭುತವಾಗಿದೆ ಎಂದ ಮಾತ್ರಕ್ಕೆ ಬಿಡಿಸಿದವರಿಗೆ ನಮ್ಮಂಥ ಮಾತು, ನಮ್ಮಂಥ ಯೋಚನೆ ಇತ್ತು ಎನ್ನುವಂತಿಲ್ಲ. ಟೀಚರ್, ನಿಮ್ಮ ತರ್ಕಕ್ಕೆ ಇದು ಅಡ್ಡ ಬರುತ್ತದೆ. ನೆನಪಿನಿಂದ ಬಿಡಿಸಿದ್ದು ಅಂತ ಗೊತ್ತಾದರೂ "ಹಾಗಾದರೆ ನಮ್ಮಂಥದೇ ಮನಸ್ಸು" ಅಂತ ನೇರವಾಗಿ ಹಾರಲಾಗದು.

ಆದರೆ ನನ್ನ ಮಕ್ಕಳನ್ನು ಕಂಡ ಅನುಭವದಿಂದ ಹಂಫ್ರಿಯವರ ಮಾತನ್ನು ಅರ್ಧಕ್ಕೆ ಮಾತ್ರ ಒಪ್ಪುತ್ತೇನೆ. ಅವರು ಸಿದ್ಧವಾದ ಚಿತ್ರ ಒಂದನ್ನೇ ನೋಡಿದರು. ಚಿತ್ರಕ್ಕೆ ಮುಂಚೆ ನಡೆದ ಕೆಲಸ, ಜೊತೆಗಿದ್ದ ಜನ, ಇವನ್ನು ಸೇರಿಸಿ ನೋಡಬೇಕು. ದಕ್ಷಿಣ ಆಫ್ರಿಕಾದ ಬ್ಲೊಂಬೊಸ್ ಗುಹೆಯಲ್ಲಿ ಎರಡು ದೊಡ್ಡ ಕಡಲ ಚಿಪ್ಪುಗಳು ಸಿಕ್ಕಿವೆ, ಸುಮಾರು 1,00,000 ವರ್ಷ ಹಿಂದಿನವು. ಅವುಗಳಲ್ಲಿ ಅರೆದ ಕೆಮ್ಮಣ್ಣು, ಇದ್ದಿಲು, ಎಲುಬಿನ ಕೊಬ್ಬು ಕಲಸಿದ್ದ ಗುರುತು ಇದೆ, ಅರೆಯುವ ಕಲ್ಲೂ ಪಕ್ಕದಲ್ಲೇ ಇತ್ತು. ಎಲ್ಲಿಂದಲೋ ಮಣ್ಣು ತರಬೇಕು, ಎಲುಬು ಕಾಯಿಸಬೇಕು, ಚಿಪ್ಪು ಎತ್ತಿಡಬೇಕು. ಮುಂದೆ ಬೇಕಾಗುವುದನ್ನು ಇವತ್ತೇ ಕೂಡಿಡುವ ಮನಸ್ಸು ಅದು, ಅಣ್ಣ ಹೇಳಿದ ಕುಟ್ಟುವ ಕಲ್ಲಿನ ಆಯ್ಕೆಯ ಹಾಗೆಯೇ. ಅದೇ ಗುಹೆಯಲ್ಲಿ 73,000 ವರ್ಷ ಹಿಂದೆ ಕಲ್ಲಿನ ಚಕ್ಕೆಯ ಮೇಲೆ ಕೆಮ್ಮಣ್ಣಿನ ಕಡ್ಡಿಯಿಂದ ಎಳೆದ ಅಡ್ಡಗೆರೆಗಳೂ ಸಿಕ್ಕಿವೆ.

ಇನ್ನು ಜರ್ಮನಿಯ ಹೋಲೆನ್‌ಸ್ಟೈನ್-ಸ್ಟಾಡೆಲ್ ಗುಹೆಯ ಸಿಂಹಮನುಷ್ಯ. 31 ಸೆಂಟಿಮೀಟರ್ ಎತ್ತರ, ಮ್ಯಾಮತ್ ದಂತದ್ದು, ಸುಮಾರು 40,000 ವರ್ಷ. ತಲೆ ಸಿಂಹದ್ದು, ನಿಂತ ಮೈ ಮನುಷ್ಯನದು. (ನಮಗೆ ನರಸಿಂಹ ನೆನಪಾಗದೆ ಇರುವುದಿಲ್ಲ, ಆದರೆ ಅದಕ್ಕೂ ಇದಕ್ಕೂ ಸಂಬಂಧ ಕಟ್ಟಬಾರದು.) ನಾಡಿಯಾ ಕಂಡದ್ದನ್ನು ಬಿಡಿಸಿದಳು. ಸಿಂಹಮನುಷ್ಯನನ್ನು ಯಾರೂ ಎಲ್ಲೂ ಕಂಡಿರಲು ಸಾಧ್ಯವಿಲ್ಲ. ನೆನಪಿನ ಎರಡು ವಸ್ತುಗಳನ್ನು ಒಡೆದು ಬೆಸೆಯಬೇಕು. ಅಷ್ಟು ದಿನ ಒಬ್ಬರು ಕೂತು ದಂತ ತೀಡುವಾಗ ಉಳಿದವರು ಅವರಿಗೆ ಊಟ ಹಾಕಿರಬೇಕು, ಇದು ಏನು ಅಂತ ಒಬ್ಬರಿಗೊಬ್ಬರು ಹೇಳಿಕೊಂಡಿರಬೇಕು. ಮಾತಿಲ್ಲದೆ ಹೇಗೆ ಹೇಳುತ್ತೀರಿ?

ಒಂದು ಲೆಕ್ಕ ಮಾತ್ರ ಮಕ್ಕಳಿಗೆ ತಪ್ಪದೆ ಹೇಳಿ. ಬ್ಲೊಂಬೊಸ್ ಚಿಪ್ಪಿನಿಂದ ಇವತ್ತಿನವರೆಗಿನ ಕಾಲವನ್ನು ನೂರು ಅಡಿ ಹಗ್ಗ ಅಂದುಕೊಂಡರೆ, ಕಪ್ಪಗಲ್ಲಿನ ಕೊಡಲಿ ಮಾಡಿದವರು ನಮ್ಮ ತುದಿಯಿಂದ ನಾಲ್ಕೇ ಅಡಿ ದೂರ. ಅವರು ಆದಿಮಾನವರಲ್ಲ. ಹುರಳಿ, ಹೆಸರು, ಕೊರಲೆ ಬೆಳೆದು ತಿಂದ ಜನ. ದನದ ಸಗಣಿ ಗುಡ್ಡೆ ಹಾಕಿ ಸುಟ್ಟು ಬೂದಿದಿಬ್ಬ ಬಿಟ್ಟುಹೋದ ಜನ. ಅವರಿಗೆ ನಮ್ಮಂಥ ಮನಸ್ಸು ಇತ್ತೇ ಅಂತ ಕೇಳುವ ಅಗತ್ಯವೇ ಇಲ್ಲ, ಇತ್ತು. ಹಗ್ಗದ ಆ ತುದಿಯಲ್ಲಿರುವವರ ಬಗ್ಗೆ ಕೇಳುವಾಗ ಮಾತ್ರ ಉಸಿರು ಬಿಗಿ ಹಿಡಿಯಬೇಕು. ಇಂಡೋನೇಷ್ಯಾದ ಸುಲಾವೆಸಿಯಲ್ಲಿ ಒಂದು ಹಂದಿ, ಅದರ ಸುತ್ತ ಮೂರು ಮನುಷ್ಯಾಕೃತಿ ಇರುವ ಚಿತ್ರಕ್ಕೆ ಕನಿಷ್ಠ 51,200 ವರ್ಷ ಅಂತ 2024ರಲ್ಲಿ ಗೊತ್ತಾಯಿತು. ಅದನ್ನು ಕಂಡುಕೊಂಡ ತಂಡದಲ್ಲಿದ್ದ ಪುರಾತತ್ವಜ್ಞ ಆಡಮ್ ಬ್ರಮ್ ಅದಕ್ಕೂ ಮೊದಲು ನಮ್ಮ ಕಪ್ಪಗಲ್ಲಿನ ಕೊಡಲಿ ಚಕ್ಕೆಗಳ ಮೇಲೆ ಕೆಲಸ ಮಾಡಿದವರು. ಅವೇ ಕಣ್ಣು ನಮ್ಮ ಗುಡ್ಡವನ್ನೂ ನೋಡಿವೆ.

ನಿಮ್ಮ ಆ ಬಾಯಿ ಬಿಡದ ಹುಡುಗಿಗಾಗಿ ಕೊನೆಯದೊಂದು. ಫ್ರಾನ್ಸಿನ ರೂಫಿನ್ಯಾಕ್ ಗುಹೆಯ ಮೆತ್ತನೆ ಗೋಡೆ, ಚಾವಣಿಗಳಲ್ಲಿ ಬೆರಳಿಂದ ಎಳೆದ ಗೆರೆಗಳಿವೆ. ಬೆರಳುಗಳ ಅಗಲ ಅಳೆದು ನೋಡಿದಾಗ ಹಲವು ಪುಟ್ಟ ಮಕ್ಕಳದು ಅಂತ ತಿಳಿಯಿತು. ಅವುಗಳಲ್ಲಿ ಕೆಲವು ಅಷ್ಟು ಚಿಕ್ಕ ಮಗುವಿಗೆ ಎಟುಕದ ಎತ್ತರದಲ್ಲಿವೆ. ಯಾರೋ ಎತ್ತಿ ಹಿಡಿದಿದ್ದರು. ಚಿತ್ರ ಏನು ಅಂತ ನನಗೆ ಗೊತ್ತಿಲ್ಲ, ಬಹುಶಃ ಏನೂ ಅಲ್ಲ. ಆದರೆ ಕತ್ತಲಲ್ಲಿ ದೀಪದ ಬೆಳಕಿಗೆ, ಸೊಂಟದ ಮೇಲೆ ಮಗು ಕೂರಿಸಿಕೊಂಡು "ಹೂಂ, ಎಳಿ" ಅಂದ ಆ ಕೈ ನನಗೆ ಗೊತ್ತು.


ಹಳೇಕಾಗದ:

ಕರಿಕಲ್ಲು ಅವರೇ, ಹೊತ್ತು ಕಳೆಯಲು ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕುಟ್ಟುವ ಕಲ್ಲು ಯಾವುದು ಅಂತ ನಲವತ್ತು ವರ್ಷ ಪಾಠ ಮಾಡಿದ ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅರ್ಥದ ಬಗ್ಗೆ ನನ್ನ ಎಚ್ಚರಿಕೆ ಹಾಗೇ ಇರಲಿ. ಇನ್ನೊಂದು ಸೇರಿಸುತ್ತೇನೆ: ಗುಡ್ಡದ ಮೇಲಿನವೆಲ್ಲ ಒಂದೇ ಕಾಲದವಲ್ಲ, ಈಚಿನವೂ ಇವೆ. ಮಕ್ಕಳಿಗೆ ಕಪ್ಪಾದದ್ದು ಹಳೆಯದು, ಬೂದಿ ಬಣ್ಣದ್ದು ಹೊಸದು ಅಂತ ಹುಡುಕುವ ಆಟ ಕೊಡಬಹುದು.


ಬಣ್ಣದಡಬ್ಬಿ:

ಎಲ್ಲರಿಗೂ ಕೈ ಮುಗಿದೆ. ನಿನ್ನೆ ಕ್ಲಾಸಿನಲ್ಲಿ ಅಣ್ಣ ಹೇಳಿದಂತೆ ಮಾಡಿದೆ. ಎಲ್ಲರಿಗೂ ಕಣ್ಣು ಮುಚ್ಚಿಸಿ, ರಬ್ಬರ್ ಕಿತ್ತಿಟ್ಟುಕೊಂಡು, "ಎತ್ತು ಬಿಡಿಸಿ" ಅಂದೆ. ಪೇಟೆ ಮಕ್ಕಳು ಮುಖದಿಂದ ಶುರು ಮಾಡಿದರು, ಕಣ್ಣು ಬಿಟ್ಟಾಗ ಕೊಂಬು ಎಲ್ಲೋ, ಕಾಲು ಎಲ್ಲೋ. ಆ ಹುಡುಗಿ ಡುಬ್ಬದಿಂದ ಶುರು ಮಾಡಿ ಒಂದೇ ಗೆರೆಯಲ್ಲಿ ಬಾಲದ ತನಕ ಎಳೆದಳು. ಯಾಕೆ ಅಲ್ಲಿಂದ ಅಂದರೆ, "ನೊಗ ಕೂರೋದು ಅಲ್ಲೇ ಅಲ್ವಾ ಟೀಚರ್" ಅಂದಳು. ಇನ್ನು ಮೇಲೆ "ಮನಸ್ಸಿಂದ ಊಹೆ ಮಾಡಬೇಡಿ" ಅಂತ ನಾನು ಹೇಳುವುದಿಲ್ಲ.

ಬರುವ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹೋಗುತ್ತೇವೆ. ಅಣ್ಣಾ, ಮಕ್ಕಳು ಕಲ್ಲು ತಟ್ಟಿ ನಾದ ಕೇಳಬಹುದಾ? ಮತ್ತೆ ಚಿತ್ರ ಸರಿಯಾಗಿ ಕಾಣಲಿ ಅಂತ ಗೆರೆ ಮೇಲೆ ಸೀಮೆಸುಣ್ಣ ತಿದ್ದಬಹುದಾ?


ಕರಿಕಲ್ಲು:

ಸೀಮೆಸುಣ್ಣ ಬೇಡವೇ ಬೇಡ ಮೇಡಂ. ಪೆಟ್ಟಿನ ಗುಳಿಯೊಳಗೆ ಪುಡಿ ಕೂತುಬಿಡುತ್ತೆ, ಮೇಲಾಗಿ ನಾವು ತಿದ್ದಿದ ಗೆರೆ ಅವರ ಗೆರೆ ಆಗಿರಲ್ಲ. ಒಂದು ಕನ್ನಡಿ ತಗೊಂಡು ಬನ್ನಿ. ಬಿಸಿಲನ್ನ ಕನ್ನಡಿಯಿಂದ ಓರೆಯಾಗಿ ಕಲ್ಲಿನ ಮೇಲೆ ಬಿಟ್ಟರೆ ನೆರಳಲ್ಲಿರೋ ಚಿತ್ರನೂ ಎದ್ದು ಬರುತ್ತೆ.

ತಟ್ಟೋದು ಇಪ್ಪತ್ತಾರು ಮಕ್ಕಳೂ ಬೇಡ. ಚಿತ್ರ ಇರೋ ಗುಂಡಿಗಂತೂ ಮುಟ್ಟೋದೇ ಬೇಡ. ಚಿತ್ರ ಇಲ್ಲದ ಒಂದು ಗುಂಡು ನನಗೆ ಗೊತ್ತು, ಹಳೇ ಗುಳಿ ಬಿದ್ದಿರೋದು. ಅದನ್ನ ಬೆರಳ ಗಿಣ್ಣಿನಿಂದ ಮೆಲ್ಲಗೆ ತಟ್ಟಿದರೂ ಕಿವಿ ಕಲ್ಲಿಗೆ ಇಟ್ಟವರಿಗೆ ಕೇಳುತ್ತೆ. ಒಬ್ಬೊಬ್ಬರೇ ಬಂದು ಕಿವಿ ಇಡಲಿ. ಆ ಹುಡುಗಿ ಮೊದಲು ಇಡಲಿ.

ಭಾನುವಾರ ನಾನೂ ಬರ್ತೀನಿ. ಆರೂವರೆಗೆ ಗುಡ್ಡದ ಬುಡದಲ್ಲಿ ಇರ್ತೀನಿ, ಏಳರೊಳಗೆ ಹತ್ತಿಬಿಡಬೇಕು. ಮಕ್ಕಳಿಗೆ ಚಪ್ಪಲಿ ಬೇಡ, ಬೂಟು ಹಾಕಿಸಿ, ಕರಿಕಲ್ಲು ಇಬ್ಬನಿಗೆ ಜಾರುತ್ತೆ. ನೀರು ಜಾಸ್ತಿ ತನ್ನಿ.